ಎರಡನೇ ಹಂಡೆಯ ಬಿಸಿ

"ಮಾಮಾ, ಇವತ್ತು ಗುರಲಿಂಗಪ್ಪನವರನ್ನ ಕೆಲಸದಿಂದ ತೆಗೀತಾರೆ. ನೀವು ಬರಲೇಬೇಕು!"

ಮುಂಬಯಿ ಆಂಟಾಪ್ ಹಿಲ್ಲಿನ ಪತ್ತೇದಾರ ಸತ್ಯಮೂರ್ತಿಗಳ ಬಾಗಿಲಲ್ಲಿ ಸೋದರಸೊಸೆ ವನಮಾಲಾ ಬಿಕ್ಕುತ್ತಿದ್ದಳು. ಅವರ ಜತೆಗಾರ ನಂಜುಂಡ ಆಗಲೇ ಚಪ್ಪಲಿ ಮೆಟ್ಟಿದ.

ವಿಕ್ರೋಳಿಯ ಬಣ್ಣದ ಕಾರ್ಖಾನೆಯಲ್ಲಿ ರೆಸಿನ್ ಎಂಬ ಬಣ್ಣದ ಅಂಟನ್ನು ಕುದಿಸುವ ಎರಡು ದೊಡ್ಡ ಹಂಡೆಗಳನ್ನು ಈಗ ಅವಳ ಕಂಪ್ಯೂಟರ್ ಪ್ರೋಗ್ರಾಮು ನಡೆಸುತ್ತಿತ್ತು. ಅದರಲ್ಲಿ ಒಂದೊಂದು ಹಂಡೆಯೂ ತನ್ನ ಬಿಸಿ ನೋಡಿಕೊಂಡು ತನ್ನ ಸ್ಟೀಮ್ ವಾಲ್ವನ್ನು ತಾನೇ ತೆರೆದು ಮುಚ್ಚುತ್ತಿತ್ತು. ಏನು ಕುದಿಸಬೇಕೆಂಬುದನ್ನು ಮಾತ್ರ ಹೊರಗಿನಿಂದ ಹೇಳಬೇಕು. ದಸರೆ ರಜೆ ಮುಗಿದ ದಿನವೇ ಎರಡನೇ ಹಂಡೆಯ ರೆಸಿನ್ ಸೀದು ಕಲ್ಲಾಗಿತ್ತು. ಆಪರೇಟರ್ ಗುರಲಿಂಗಪ್ಪನ ಅಂಗೈ ಸ್ಟೀಮ್ ವಾಲ್ವಿನ ಕೈಚಕ್ರಕ್ಕೆ ತಾಗಿ ಸುಟ್ಟಿತ್ತು. ಅವನೇ ವಾಲ್ವು ತೆರೆದನೆಂದು ಮ್ಯಾನೇಜರ್ ತೀರ್ಮಾನಿಸಿದ್ದರು. ಅವನೋ ತುಟಿ ಬಿಚ್ಚುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಹಂಡೆಗಳು ಫಳಫಳ ಹೊಳೆಯುತ್ತಿದ್ದವು. ಮೈಮೇಲೆ ಆಯುಧಪೂಜೆಯ ವಿಭೂತಿ, ಕುಂಕುಮ. ಬಿಸಿ ಅಳೆಯುವ ತಂತಿಗಳೆರಡೂ ತದ್ರೂಪು. ಸತ್ಯಮೂರ್ತಿಗಳು ಕಂಪ್ಯೂಟರಿನ ದಾಖಲೆ ಓದಿ ಎಲ್ಲರನ್ನೂ ಸೇರಿಸಿದರು.

"ಮೊನ್ನೆ ಒಂದನೇ ಹಂಡೇಲಿ ಏನಿತ್ತು?"

"ಏನೂ ಇಲ್ಲ, ಖಾಲಿ," ಎಂದರು ಮ್ಯಾನೇಜರ್.

"ಖಾಲಿ ಹಂಡೆ ಇನ್ನೂರೈವತ್ತು ಡಿಗ್ರಿ ಕಾದಿತ್ತಂತೆ, ಕುದಿಯೋ ಹಂಡೆ ಬರೀ ಮೂವತ್ತಂತೆ! ಪೂಜೆಗೆ ತೊಳೆಯುವಾಗ ಬಿಚ್ಚಿದ ತಂತಿಗಳು ಅದಲುಬದಲಾಗಿವೆ. ಎರಡನೇದು ತಣ್ಣಗಿದೆ ಅಂತ ಕಂಪ್ಯೂಟರೇ ಸ್ಟೀಮ್ ಬಿಡ್ತಾ ಹೋಯ್ತು. ಆಮೇಲೆ ಆ ಚಕ್ರ ಹೇಗಿತ್ತು?"

"ಬಿಗಿಯಾಗಿ ಮುಚ್ಚಿತ್ತು," ಎಂದರು ಮ್ಯಾನೇಜರ್.

"ಅಂದ್ರೆ ಇವರು ತೆರೆದದ್ದಲ್ಲ, ಕೈ ಸುಟ್ಟುಕೊಂಡು ಮುಚ್ಚಿದ್ದು. ಹಂಡೆ ಸಿಡಿಯದೆ ಉಳಿದದ್ದೇ ಇವರಿಂದ."

ಹಂಡೆ ತೊಳೆಯುವ ಸುಂದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ತಂತಿ ಬಿಚ್ಚಿದಾಕಿ ನಾನ ರೀ ಸಾಹೇಬ್ರ. ನೀರು ತಾಗಬಾರದಂತ ಬಿಚ್ಚಿದ್ನಿರಿ."

"ನಿನಗ ಯಾರ ಕೇಳಿದ್ರ? ಸುಮ್ನಿರ," ಎಂದು ಗುರಲಿಂಗಪ್ಪ ಗದರಿದ. ಆಮೇಲೆ ತಲೆ ತಗ್ಗಿಸಿದ. "ಮೂರು ಮಕ್ಳ ತಾಯಿ ರೀ. ಗಂಡ ಇಲ್ಲ. ನಂದೇನು, ಮುದುಕ ಆದೆ."

ಅಯ್ಯೋ ಪುಣ್ಯಾತ್ಮಾ! ನಂಜುಂಡನಿಗೆ ಕಣ್ಣು ತುಂಬಿಬಂತು. ಮ್ಯಾನೇಜರ್ ಕೈಯಲ್ಲಿದ್ದ ವಜಾ ನೋಟೀಸನ್ನು ಹರಿದು ಹಾಕಿದರು, ಸುಂದ್ರವ್ವನಿಗೂ ಹೆದರಬೇಡವೆಂದರು.

"ತಪ್ಪು ನಂದು. ಈ ತಂತಿ ಯಾವ ಹಂಡೇದು ಅಂತ ನನ್ನ ಪ್ರೋಗ್ರಾಮು ಕೇಳೋದೇ ಇಲ್ಲ," ಎಂದಳು ವನಮಾಲಾ.

"ಅದನ್ನ ಸರಿಮಾಡಬಹುದು," ಎಂದರು ಸತ್ಯಮೂರ್ತಿಗಳು. "ಪ್ರೋಗ್ರಾಮಿನಲ್ಲಿ ಹಂಡೆ, ವಾಲ್ವು, ತಂತಿ ಎಲ್ಲ ಬರೆದಿದ್ದೀಯಲ್ಲ, ಅದರಲ್ಲಿ ಗುರಲಿಂಗಪ್ಪನವರ ಅನುಭವ ಎಲ್ಲಿ?"

ವನಮಾಲಾ ನೋಟ್‌ಬುಕ್ ತೆರೆದು ಮುದುಕನ ಪಕ್ಕ ಕೂತಳು. "ಕಾಕಾ, ಹಂಡೆ ಮಿತಿಮೀರಿ ಕಾದಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಗುರಲಿಂಗಪ್ಪ ಬ್ಯಾಂಡೇಜು ಸುತ್ತಿದ ಅಂಗೈ ಮುಂದೆ ಹಿಡಿದು ನಕ್ಕ. "ಮೊದ್ಲ ಇದು ಮಾಯಲಿ ತಂಗಿ. ಆಮ್ಯಾಲ ನಿನ್ನ ಕೈಯಾಗ ಮುಟ್ಟಿಸಿ ಕಲಿಸ್ತೀನಿ."