ಡಾಕ್ಟರಮ್ಮನಿಗೆ ಹೇಸಿಗೆ ತರಿಸಿದ ಹಾಳೆ

‘ಅಡುಗೆ ಚೆನ್ನಾಗಿ ಬರಬೇಕು. ಸ್ವಂತ ಪಿಂಚಣಿ ಇರಬೇಕು. ಜಾಸ್ತಿ ಮಾತಾಡಬಾರದು. ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕಬೇಕು...’

ನಜೀಹಾ ಅಲ್ಲಿಗೇ ಓದುವುದನ್ನು ನಿಲ್ಲಿಸಿದಳು. ಹಾಳೆಯನ್ನು ಮುಖದಿಂದ ದೂರ ಹಿಡಿದಳು.

ಕಡಲ ದಂಡೆಯ ಸ್ಫಾಕ್ಸ್ ಪಟ್ಟಣದ ಪಿಂಚಣಿ ಕಚೇರಿಯ ಮಹಡಿಯಲ್ಲಿ ಅಂದು ಹೊಸದಾಗಿ ನಿವೃತ್ತರಾದ ಹತ್ತು ಜನ ಕೂತಿದ್ದರು. ಉಳಿದ ಬದುಕಿಗೆ ಗುರಿ ಇಟ್ಟುಕೊಳ್ಳುವುದು ಹೇಗೆ ಎಂದು ಕಲಿಸುವ ತರಗತಿ ಅದು. ನಜೀಹಾ ಅರ್ಧ ಗಂಟೆ ತಡವಾಗಿ ಬಂದಿದ್ದಳು. ತರಬೇತಿ ಕೊಡುವ ಹುಡುಗಿ ಅಬೀರ್, ಅವಳ ಕೈಗೊಂದು ಖಾಲಿ ಹಾಳೆ ಕೊಟ್ಟು, ಸದ್ಯ ಪಕ್ಕದವರು ಬರೆದದ್ದನ್ನು ಓದಿ ಎಂದಷ್ಟೇ ಹೇಳಿ ಮುಂದಿನವರ ಬಳಿ ಹೋಗಿಬಿಟ್ಟಿದ್ದಳು.

ಹಾಳೆಯ ಒಡೆಯ ಪಕ್ಕದಲ್ಲೇ ಇದ್ದ. ಅಗಲವಾದ ಭುಜ, ಬಿಳಿ ಮೀಸೆ, ತೊಡೆಯ ಮೇಲೆ ಉಣ್ಣೆಯ ಟೋಪಿ. ಹೆಸರು ಶೆದ್ಲಿ. ಎದುರಿನ ಕೆರ್ಕೆನ್ನಾ ದ್ವೀಪದವನು. ದ್ವೀಪಕ್ಕೂ ಪಟ್ಟಣಕ್ಕೂ ಓಡಾಡುವ ದೊಡ್ಡ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ ಮನುಷ್ಯ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ.

ಇವನಿಗೆ ಹೆಂಡತಿ ಬೇಕಾಗಿಲ್ಲ, ಸಂಬಳ ಕೇಳದ ಆಳು ಬೇಕು... ಥೂ!

“ಮೂವತ್ತನಾಲ್ಕು ವರ್ಷ ಕೊಳೆತ ಮೀನು ಮೂಸಿದೀನಿ,” ಎಂದಳು ಎಲ್ಲರಿಗೂ ಕೇಳುವಂತೆ. “ಇಂಥ ನಾತ ಯಾವುದಕ್ಕೂ ಇರ್ಲಿಲ್ಲ.”

ಅವನ ಮುಖ ಕೆಂಪಾಯಿತು.

“ಡಾಕ್ಟರಮ್ಮ, ಹಾಳೆ ತಿರುಗಿಸಿ...”

ಅವಳು ಹಾಳೆಯನ್ನು ಮೇಜಿನ ಮೇಲೆ ಎಸೆದು ಹೊರಗೆ ನಡೆದಿದ್ದಳು.

ನಜೀಹಾ ಪಶುವೈದ್ಯೆ. ಕೆಲಸವೆಲ್ಲ ಮೀನು ಮಾರುಕಟ್ಟೆಯಲ್ಲಿ. ಬೆಳಗಾದರೆ ಕಿವಿರು ಎತ್ತಿ ನೋಡುವುದು, ಕಣ್ಣು ಒತ್ತುವುದು, ಮೂಸುವುದು, ಕೆಟ್ಟದ್ದನ್ನು ಕಸಕ್ಕೆ ಸುರಿಸುವುದು. ಮೂವತ್ತರ ಹೊತ್ತಿಗೆ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ಅವಳ ಕೈ ಹಿಡಿದವಳೇ ಮೂಗು ಸಿಂಡರಿಸಿ, ಮಾರನೆಯ ದಿನ ಬೇಡವೆಂದು ಹೇಳಿ ಕಳಿಸಿದ್ದಳು. ಅಂದಿನಿಂದ ನಜೀಹಾ ದಿನಕ್ಕೆ ನಾಲ್ಕು ಸಲ ನಿಂಬೆಹಣ್ಣಿನಿಂದ ಕೈ ತಿಕ್ಕುತ್ತಾಳೆ. ಅಂದಿನಿಂದ ಮೀನನ್ನು ಬಾಯಿಗೂ ಇಟ್ಟಿಲ್ಲ.

ಇರುವುದು ಅಣ್ಣ ರಶೀದನ ಮನೆಯ ಮೇಲಂತಸ್ತಿನಲ್ಲಿ. ನಿವೃತ್ತಿಯ ದಿನ ಅತ್ತಿಗೆ ಜಲೀಲಾ ಕೇಕು ತಂದಿದ್ದಳು. ಕೇಕು ತಿನ್ನುತ್ತಲೇ ಅವಳ ಮುಂದಿನ ಬದುಕು ಹಂಚಿಕೆಯಾಗಿ ಹೋಯಿತು. ಬೆಳಗ್ಗೆ ಅಣ್ಣನ ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು, ಮಧ್ಯಾಹ್ನ ಅಡುಗೆ, ಸಂಜೆ ಅತ್ತಿಗೆಯ ಅಮ್ಮನ ಬಳಿ ಕೂರುವುದು. ನಿನಗೂ ಹೊತ್ತು ಹೋಗುತ್ತಲ್ಲ ಎಂದು ಅಣ್ಣ ನಕ್ಕಿದ್ದ. ಆ ಕೇಕಿನ ಕೆನೆ ಎರಡು ದಿನ ಅವಳ ಗಂಟಲಲ್ಲೇ ಜಿಡ್ಡಾಗಿ ನಿಂತಿತ್ತು.

ಮುಂದಿನ ಗುರುವಾರ ಮತ್ತೆ ತರಗತಿಗೆ ಹೋದದ್ದು ಮನೆಯಿಂದ ತಪ್ಪಿಸಿಕೊಳ್ಳಲು ಮಾತ್ರ.

ಶೆದ್ಲಿ ಬಂದಿರಲಿಲ್ಲ. ಅಬೀರ್ ಹಾಳೆಗಳನ್ನು ಹಿಂದಕ್ಕೆ ಕೊಡುತ್ತ, ಕಳೆದ ಸಲ ತಡವಾಗಿ ಬಂದವರಿಗೆಂದು ಮತ್ತೊಮ್ಮೆ ಬಿಡಿಸಿ ಹೇಳಿದಳು. ಹಾಳೆಯ ಮುಂದಿನ ಬದಿಯಲ್ಲಿ, ನಿಮ್ಮ ಬದುಕು ಹೇಗಿರಬೇಕೆಂದು ಮನೆಯವರು ಬಯಸುತ್ತಾರೆ ಎಂಬುದು. ಹಿಂದಿನ ಬದಿಯಲ್ಲಿ, ನೀವೇ ಏನು ಬಯಸುತ್ತೀರಿ ಎಂಬುದು.

ನಜೀಹಾ ಅಂದು ಓದಿದ್ದು ಮುಂದಿನ ಬದಿ ಮಾತ್ರ.

ಯಾರೂ ಕೇಳದೆ ಉಳಿದಿದ್ದ ಶೆದ್ಲಿಯ ಹಾಳೆಯನ್ನು ಎಳೆದುಕೊಂಡು ತಿರುಗಿಸಿದಳು. ಇಂಜಿನ್ ಎಣ್ಣೆ ಹಿಡಿದ ಬೆರಳಿನ ಗುರುತು. ಕೆಳಗೆ ದಪ್ಪ ಅಕ್ಷರ.

‘ಅಪ್ಪ ಕಟ್ಟಿದ್ದ ಮೀನುಬೇಲಿಯನ್ನು ಮತ್ತೆ ಕಟ್ಟಬೇಕು. ಒಬ್ಬನೇ ಉಣ್ಣುವುದು ಸಾಕಾಗಿದೆ. ಆದರೆ ಅಕ್ಕ ಹೇಳುವಂತೆ ಆಳು ಹುಡುಕಿದ ಹಾಗೆ ಹೆಂಗಸನ್ನು ಹುಡುಕಲಾರೆ. ಅದು ಅಸಹ್ಯ.’

ಅಸಹ್ಯ. ತನಗೆ ಅನ್ನಿಸಿದ್ದನ್ನೇ ತನಗಿಂತ ಮೊದಲು ಅವನು ಬರೆದಿದ್ದ.

ತನ್ನ ಖಾಲಿ ಹಾಳೆಯನ್ನು ತೆಗೆದುಕೊಂಡಳು. ಮುಂದಿನ ಬದಿ ಐದು ನಿಮಿಷದಲ್ಲಿ ತುಂಬಿಹೋಯಿತು. ಹಿಂದಿನ ಬದಿಗೆ ಒಂದು ಪದವೂ ಹೊಳೆಯಲಿಲ್ಲ. ಈ ಅರವತ್ತು ವರ್ಷದಲ್ಲಿ ಯಾವುದು ಬೇಡ, ಯಾವುದು ಕೊಳೆತದ್ದು ಎಂಬುದಷ್ಟೇ ಗೊತ್ತಾಗಿತ್ತು. ಬೇಕಾದದ್ದು ಯಾವುದು? ಈ ಬಾರಿಯ ಹೇಸಿಗೆ ಅವಳಿಗೆ ಅವಳ ಮೇಲೆಯೇ ಹುಟ್ಟಿತು.

ಶನಿವಾರ ಬೆಳಗ್ಗೆ ಅತ್ತಿಗೆಗೆ ಮಕ್ಕಳನ್ನು ನೀವೇ ಬಿಟ್ಟು ಬನ್ನಿ ಎಂದು ಹೇಳಿ ದೋಣಿ ಹತ್ತಿದಳು. ಶೆದ್ಲಿಗೆ ಅವನ ಹಾಳೆ ಕೊಟ್ಟು, ಕ್ಷಮೆ ಕೇಳಿ ಮುಂದಿನ ದೋಣಿಗೇ ವಾಪಸಾಗುವ ಯೋಚನೆ.

ಕೆರ್ಕೆನ್ನಾದ ಕಡಲು ಮೈಲುಗಟ್ಟಲೆ ಸೊಂಟದಷ್ಟೇ ಆಳ. ದೋಣಿ ನಿಲ್ಲುವ ಧಕ್ಕೆಯಲ್ಲಿ ಕೇಳಿಕೊಂಡು ಅವಳು ಹೋದಾಗ ಶೆದ್ಲಿ ಆ ನೀರಲ್ಲಿ ನಿಂತು ಖರ್ಜೂರದ ಗರಿಗಳನ್ನು ಸಾಲಾಗಿ ನೆಡುತ್ತಿದ್ದ. ಇಳಿತಕ್ಕೆ ಹಿಂತಿರುಗುವ ಮೀನು ಆ ಬೇಲಿಯ ಗುಂಟ ಹೋಗಿ ಬುಟ್ಟಿಗೆ ಬೀಳಬೇಕು. ಅವಳನ್ನು ಕಂಡು ಅವನು ದಡಕ್ಕೆ ಬಂದ. ಮೊಣಕಾಲು ನೋಯುತ್ತಿತ್ತೆಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ಅವಳು ಹಾಳೆಯನ್ನು ಚಾಚಿದಳು.

“ತಿರುಗಿಸಿ ಓದ್ದೆ. ತಪ್ಪಾಯ್ತು, ಸೀ ಶೆದ್ಲಿ,” ಎಂದಳು, ಹೆಸರಿನ ಮುಂದೆ ಮರ್ಯಾದೆಯ ‘ಸೀ’ ಸೇರಿಸಿ.

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡ. ಅಕ್ಕ ದಿನಾ ಹೇಳುವುದನ್ನೇ ಬರೆದಿದ್ದೆ, ಬರೆಯುವಾಗ ನನಗೂ ವಾಕರಿಕೆ ಬಂದಿತ್ತು ಎಂದ.

ಅಷ್ಟರಲ್ಲಿ ಧಕ್ಕೆಯ ಕಡೆಯಿಂದ ಗಲಾಟೆ ಕೇಳಿಸಿತು.

ಐದಾರು ಹೆಂಗಸರು ಬೆಳಗಿನಿಂದ ಕೆಸರು ಕೆದಕಿ ಆರಿಸಿದ ಕಪ್ಪೆಚಿಪ್ಪಿನ ಚೀಲಗಳ ಮುಂದೆ ಕೂತಿದ್ದರು. ಪಟ್ಟಣದ ದಲ್ಲಾಳಿಯೊಬ್ಬ ಚೀಲದೊಳಗೆ ಇಣುಕಿ, ಮೂಗಿಗೆ ಕರವಸ್ತ್ರ ಹಿಡಿದು, ಇದೆಲ್ಲ ಕೊಳೆತಿದೆ, ಅರ್ಧ ಬೆಲೆಗೆ ಕೊಟ್ಟರೆ ಒಯ್ಯುತ್ತೇನೆ ಎನ್ನುತ್ತಿದ್ದ. ಪ್ರತಿ ವಾರವೂ ಇದೇ ಆಟ ಎಂದು ಶೆದ್ಲಿ ಹಲ್ಲು ಕಚ್ಚಿದ.

ಆ ಕರವಸ್ತ್ರ ನಜೀಹಾಳ ಕಣ್ಣಿಗೆ ಬಿತ್ತು. ಹಾಗೆಯೇ ಮೂಗು ಸಿಂಡರಿಸಿದ್ದ ಒಂದು ಮುಖ ನೆನಪಾಯಿತು. ಮೈಯೆಲ್ಲ ಉರಿಯಿತು.

ನೆಟ್ಟಗೆ ಹೋಗಿ ಚೀಲಕ್ಕೆ ಕೈ ಹಾಕಿದಳು. ಬಾಯಿ ತೆರೆದಿದ್ದ ಚಿಪ್ಪೊಂದನ್ನು ತೆಗೆದು ಉಗುರಿನಿಂದ ತಟ್ಟಿದಳು. ಅದು ಮೆಲ್ಲಗೆ ಮುಚ್ಚಿಕೊಂಡಿತು. ಇನ್ನೊಂದು, ಮತ್ತೊಂದು. ಎಲ್ಲವೂ ಮುಚ್ಚಿಕೊಂಡವು.

“ಸತ್ತದ್ದು ಬಾಯಿ ಮುಚ್ಚಲ್ಲ ಕಣಯ್ಯ,” ಎಂದಳು. “ಇವೆಲ್ಲ ಜೀವಂತ. ಇಲ್ಲಿ ನಾರ್ತಿರೋದು ನಿನ್ನ ನಾಲಿಗೆ.”

ದಲ್ಲಾಳಿ ಅವಳ ಗುರುತು ಹಿಡಿದ. ಮಾರುಕಟ್ಟೆಯಲ್ಲಿ ಅವಳನ್ನು ಅರಿಯದವರಾರು? ಕರವಸ್ತ್ರ ಜೇಬಿಗೆ ಹೋಯಿತು. ಪೂರ್ತಿ ಬೆಲೆ ಹೊರಬಂತು. ಹೆಂಗಸರಲ್ಲಿ ಹಿರಿಯಳು ಅವಳ ಮಣಿಕಟ್ಟು ಹಿಡಿದು, ಚಿಪ್ಪು ಕೆಡದಂತೆ ಇಡುವುದು ಹೇಗೆ, ಇಂಥ ದಲ್ಲಾಳಿಗಳ ಬಾಯಿ ಮುಚ್ಚಿಸುವುದು ಹೇಗೆ, ನಮಗೂ ಕಲಿಸಿಕೊಡಿ ಎಂದು ಬೇಡಿದಳು.

ಮುಂದಿನ ದೋಣಿ ಹೊರಟುಹೋಯಿತು. ಅದರ ಮುಂದಿನದೂ ಹೋಯಿತು. ನಜೀಹಾ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಯಾವುದನ್ನು ಎಸೆಯಬೇಕು, ಯಾವುದನ್ನು ಒದ್ದೆ ಗೋಣಿಯಲ್ಲಿ ನೆರಳಿಗಿಡಬೇಕು ಎಂದು ತೋರಿಸುತ್ತಲೇ ಇದ್ದಳು. ವಾರಕ್ಕೆರಡು ದಿನ ಬರುತ್ತೇನೆ ಎಂಬ ಮಾತು ಅವಳ ಬಾಯಿಂದ ಬಂದಾಗ ಅವಳಿಗೇ ಆಶ್ಚರ್ಯವಾಯಿತು. ಓಹ್, ಬೇಕು ಅನ್ನುವುದು ಹೀಗಿರುತ್ತದೆಯೇ...

ಸಂಜೆ ಇಳಿತವಾದ ಮೇಲೆ ಶೆದ್ಲಿ ಬುಟ್ಟಿಯಿಂದ ಎರಡು ಮೀನು ತಂದು ದಡದಲ್ಲೇ ಕೆಂಡದ ಮೇಲಿಟ್ಟ. ಅವಳು ಮುಖ ತಿರುಗಿಸಿದಳು. ಮೀನು ಕಂಡರೇ ಅಸಹ್ಯ ಎಂದಳು. ಕಾರಣವನ್ನೂ ಹೇಳಿದಳು. ಇಷ್ಟು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ.

ಅವನು ಮೀನನ್ನು ಕೆಂಡದ ಮೇಲೆ ಮಗುಚಿ ಹಾಕಿದ.

“ಒಂದ್ಸಲ ನಮ್ಮ ದೋಣೀಲಿ ಬಂದ ಲಾರಿಗಟ್ಟಲೆ ಮೀನನ್ನ ಕಸಕ್ಕೆ ಸುರಿಸಿದ್ರಿ,” ಎಂದ. “ಯಾರೋ ದೊಡ್ಡವರ ಮಾಲು. ಫೋನ್ ಮೇಲೆ ಫೋನ್ ಬಂತು, ನೀವು ಜಗ್ಗಲಿಲ್ಲ. ಸುರಿಸಿದ ಮೇಲೆ ಗೋಡೆ ಹಿಂದೆ ಹೋಗಿ ವಾಂತಿ ಮಾಡ್ಕೊಂಡು, ಬಾಯಿ ಒರೆಸ್ಕೊಂಡು ಮತ್ತೆ ಕೆಲಸಕ್ಕೆ ನಿಂತ್ರಿ. ಅವತ್ತಿಂದ ನಿಮ್ಮನ್ನ ಕಂಡ್ರೆ ನನ್ನೆದೆ ಹೊಡ್ಕೊಳ್ತಿತ್ತು. ಭಯ ಅಂದ್ಕೊಂಡಿದ್ದೆ.”

“ಈಗ?”

“ಭಯ ಅಲ್ಲ ಅಂತ ಗೊತ್ತಾಗಿದೆ.”

ನಜೀಹಾಳ ಕಣ್ಣು ತುಂಬಿತು. ಕೈಯನ್ನು ಸೆರಗಿನಂತೆ ಹೊದ್ದಿದ್ದ ಶಾಲಿನೊಳಗೆ ಬಚ್ಚಿಟ್ಟುಕೊಂಡಳು. ಅವಳನ್ನು ಕೇಳದೆ ಅವನು ಆ ಕೈ ಮುಟ್ಟಲು ಹೋಗಲಿಲ್ಲ. ಕೊನೆಗೆ ಅವಳೇ ಕೈ ಹೊರತೆಗೆದು, ಮೀನಿನ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡಳು. ಅಗಿದಳು. ಹೊಟ್ಟೆ ತೊಳಸಲಿಲ್ಲ. ಉಪ್ಪು, ಹೊಗೆ, ಕಡಲು... ಅಷ್ಟೇ.

ಕೊನೆಯ ದೋಣಿ ಸಿಳ್ಳೆ ಹಾಕಿತು. ಇಬ್ಬರೂ ಧಕ್ಕೆಗೆ ನಡೆದರು.

“ಶುಕ್ರವಾರ ನಿಮ್ಮಕ್ಕನ್ನ ಕರ್ಕೊಂಡು ನಮ್ಮಣ್ಣನ ಮನೆಗೆ ಬನ್ನಿ,” ಎಂದಳು ನಜೀಹಾ. “ಕೇಳೋದನ್ನ ಮರ್ಯಾದೆಯಿಂದ ಕೇಳಿ.”

“ಅಣ್ಣ ಒಪ್ಪದೇ ಹೋದ್ರೆ?”

“ಒಪ್ಪಬೇಕಾದವಳು ಒಪ್ಪಿ ಆಯ್ತಲ್ಲ, ಸೀ ಶೆದ್ಲಿ.”