ಮೇಲಿಂದ ಬಿದ್ದ ನೀರು

ಮುದುಕನಿಗೆ ನೆನಪೆಲ್ಲಿ ಅನ್ನುವವರು ಈಗಲೇ ಫೋನು ಕೆಳಗಿಡಿ. ನಿನ್ನೆ ಏನು ತಿಂದೆನೋ ಮರೆತಿರಬಹುದು, ಆ ಗಾಜಿನ ಮನೆಯ ವಾಸನೆ ಮರೆತಿಲ್ಲ.

ನಮ್ಮ ಬೀದಿಯ ಕಳವು, ಕೊಲೆಗಳ ಗಂಟು ಬಿಡಿಸುತ್ತಿದ್ದವಳು ಹಳೆಯ ಸೂಲಗಿತ್ತಿ ದೊಡ್ಡಮ್ಮ. ಅವಳ ಚೀಲ ಹೊರುತ್ತಿದ್ದವನು ನಾನು. ಒಂದು ಬೆಳಗ್ಗೆ, ಜರೀಗಿಡ, ಅಂದರೆ ಫರ್ನ್, ಬೆಳೆಸಿ ಮಾರುತ್ತಿದ್ದವಳ ಮಗಳು ಬಂದು ಬಾಗಿಲಲ್ಲೇ ನಿಂತಳು. ತಾಯಿ ಕಾಣೆಯಾಗಿ ಎರಡು ತಿಂಗಳಾಗಿತ್ತು. ಯಾರ ಜೊತೆಗೋ ಓಡಿಹೋದಳೆಂದು ಸೋದರಮಾವ ಸಾರಿದ್ದ, ಊರು ಹೂಂಗುಟ್ಟಿತ್ತು.

"ಅಮ್ಮ ನನ್ನ ಬಿಟ್ಟು ಹೋದ್ಲಾ, ಇಲ್ವಾ? ಅಷ್ಟು ಹೇಳಿ ದೊಡ್ಡಮ್ಮ, ಸಾಕು."

ಗಿಡ ಬೆಳೆಸುತ್ತಿದ್ದ ಗಾಜಿನ ಮನೆಯ ಕೀಲಿ ಅಕ್ಕನ ಜೊತೆಗೇ ಹೋಯಿತು, ಅಂದಿನಿಂದ ಒಳಗೆ ಯಾರೂ ಕಾಲಿಟ್ಟಿಲ್ಲ ಎಂದ ಮಾವ. ಬೀಗ ಒಡೆಸಿದೆವು. ಕೊಳೆತ ನೀರಿನಂಥ ವಾಸನೆ ಮುಖಕ್ಕೆ ಹೊಡೆಯಿತು. ಮೇಜಿನ ಮೇಲೆ ಸಾಲಾಗಿ ತಟ್ಟೆಗಳು; ಅವುಗಳ ತುಂಬ ಉಗುರಿನಷ್ಟೇ ಅಗಲದ, ಹೃದಯದಾಕಾರದ ಹಸಿರು ಬಿಲ್ಲೆಗಳು. ಕೆಳಗಿನ ತೊಟ್ಟಿಯಿಂದ ಬತ್ತಿಗಳು ಅವಕ್ಕೆ ನೀರುಣಿಸುತ್ತಿದ್ದವು.

ಜರೀಗಿಡದ ಮೊದಲ ಜನ್ಮ ಇದೇ ಎಂದು ಮಗಳು ವಿವರಿಸಿದಳು. ಗಂಡು, ಹೆಣ್ಣು ಎರಡೂ ಈ ಬಿಲ್ಲೆಗಳಲ್ಲೇ. ನೀರು ಬಿದ್ದರೆ ಅವು ತಾವೇ ಕೂಡಿಬಿಡುತ್ತವೆಂದು, ಎರಡು ಜಾತಿಗಳನ್ನು ತಾನೇ ಕೂಡಿಸಬೇಕೆಂದಿದ್ದ ತಾಯಿ ಮೇಲಿಂದ ಒಂದು ಹನಿಯೂ ಬೀಳಗೊಡುತ್ತಿರಲಿಲ್ಲವಂತೆ. ಆದರೆ ಮೂಲೆಯ ತಟ್ಟೆಯೊಂದರಲ್ಲಿ ಮಾತ್ರ ಪುಟ್ಟ ಎಲೆಗಳು ತಲೆಯೆತ್ತಿದ್ದವು.

"ಈ ಪಾಚಿ ನೋಡೋಕೆ ಬೀಗ ಒಡೆದ್ರಾ?" ಎಂದ ಮಾವ.

ದೊಡ್ಡಮ್ಮ ತಲೆಯೆತ್ತಿದಳು. ಮಾಡಿನ ಗಾಜನ್ನು ನೋಡಿದಳು, ಬಿರುಕಿರಲಿಲ್ಲ. ನೆಲ ನೋಡಿದಳು, ಎಲ್ಲೆಡೆ ಇಟ್ಟಿಗೆಗಳ ಸಂದಿಯಲ್ಲಿ ಪಾಚಿ, ಆ ಮೂಲೆಯಲ್ಲಿ ಬರೀ ಹೊಸ ಮಣ್ಣು. ಇನ್‌ಸ್ಪೆಕ್ಟರಿಗೆ ಹೇಳಿಕಳಿಸಿ, ಎಲ್ಲರನ್ನೂ ಅಲ್ಲೇ ನಿಲ್ಲಿಸಿಕೊಂಡಳು.

"ಕೂಸು ಕಂಡ್ರೆ ಬಸಿರು ಯಾವಾಗಿಂದು ಅಂತ ಹೇಳೋದು ನನ್ನ ಕಸುಬು," ಎಂದಳು. "ಇದರಲ್ಲಿ ಗಂಡು ಈಜಿಕೊಂಡೇ ಹೆಣ್ಣಿನ ಹತ್ರ ಹೋಗ್ಬೇಕು. ಮೇಲೆ ನೀರು ನಿಲ್ಲದೆ ಬಸಿರಿಲ್ಲ. ತಾಯಿ ನೀರು ಹಾಕೋಳಲ್ಲ, ಮಾಡು ಸೋರಿಲ್ಲ. ಎಲೆ ಇಷ್ಟು ಬೆಳೀಬೇಕಾದ್ರೆ, ಅವಳು ಕಾಣೆಯಾದ ಹೊತ್ತಿಗೇ ನೀರು ಬಿದ್ದಿರ್ಬೇಕು. ಪೈಪು ಹಿಡ್ಕೊಂಡು ಯಾರೋ ನೆಲ ತೊಳೆದಿದ್ದಾರೆ, ತಟ್ಟೆಗೆ ಸಿಡಿದಿದೆ. ಏನಪ್ಪ, ಕೀಲಿ ಹೋಗಿತ್ತಲ್ಲ? ಎಲ್ಲರೂ ಎಲೆ ನೋಡ್ತಿದ್ದಾರೆ. ನೀನ್ಯಾಕೆ ಇಟ್ಟಿಗೆ ನೋಡ್ತಿದ್ದೀಯ?"

ಇನ್‌ಸ್ಪೆಕ್ಟರು ಬಂದು ತಡಕಿದಾಗ ಕೀಲಿ ಅವನ ಜೇಬಿನಲ್ಲೇ ಸಿಕ್ಕಿತು. ಜಾಗ ಮಾರಲು ಅಕ್ಕ ಒಪ್ಪಿರಲಿಲ್ಲ, ಅಷ್ಟೇ. ಇಟ್ಟಿಗೆ ಎಬ್ಬಿಸಿದರು. ಮೊದಲು ಕಂಡದ್ದು ಸೀರೆಯ ಸೆರಗು.

ಹುಡುಗಿ ಅಳಲಿಲ್ಲ. ಮಣ್ಣಿನ ಪಕ್ಕ ಕೂತು, "ಅಮ್ಮ ಎಲ್ಲೂ ಹೋಗಿರ್ಲಿಲ್ಲ," ಎಂದಳು.

ಆ ತಾಯಿಯನ್ನು ಓಡಿಹೋದವಳು ಎಂದು ಇವತ್ತಿಗೂ ನಾಲಿಗೆ ಹರಿಬಿಡುವವರಿದ್ದಾರೆ. ಯಾರೆಂದು ನಿಮಗೂ ಗೊತ್ತು. ಮೊದಲು ಅವರಿಗೆ ಇದನ್ನು ಕಳಿಸಿ.