ಹಳದಿ ಪೇಂಟಿನ ೧೪.೨

2025ರ ಫೆಬ್ರವರಿ 18, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಮಾಜಿವಾಡಾ ಜಂಕ್ಷನ್ ಸಮೀಪದ ಪೊಲೀಸ್ ಠಾಣೆಗೆ ಪುಂಡರೀಕಾಕ್ಷ ರಾವ್ ದೂರು ಕೊಡಲು ಬಂದರು. ಥಾಣೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿಯವರು. ಅಂಗಿಯ ತೋಳಿನ ಮೇಲೆ ರಕ್ತದ ಕಲೆ ಒಣಗಿತ್ತು.

ರಕ್ತ ಅವರ ಹೆಂಡತಿ ವೇದಾವತಿಯವರದು. ಬೆಳಿಗ್ಗೆ 6.40ಕ್ಕೆ ಅವರು ಬೇಲಾಪುರದ ಒಂದು ಟ್ರಾವೆಲ್ ಕಂಪೆನಿಯ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. ಮಾಜಿವಾಡಾ ಫ್ಲೈಓವರ್ ಮೇಲೆ ಎಂಜಿನ್ ನಿಂತಿತು, ಸ್ಟೇರಿಂಗ್ ಬಿಗಿಯಾಯಿತು. ಹಿಂದಿನಿಂದ ಟೆಂಪೊ ಬಂದು ಗುದ್ದಿತು. ವೇದಾವತಿಯವರ ಬಲ ಮುಂಗೈಯ ಎರಡೂ ಮೂಳೆಗಳು ಮುರಿದಿದ್ದವು.

"ಇದು ಆಕ್ಸಿಡೆಂಟ್ ಅಲ್ಲ ಮೇಡಂ," ಎಂದರು ರಾಯರು. "ಕಾರು ಕೆಟ್ಟದ್ದು ಗೊತ್ತಿದ್ದೇ ಕಳಿಸಿದ್ದಾರೆ. ಆಸ್ಪತ್ರೆಯಲ್ಲಿ ಡ್ರೈವರೇ ಬಾಯಿಬಿಟ್ಟ."

ಸಹಾಯಕ ಇನ್ಸ್‌ಪೆಕ್ಟರ್ ರಮಿತಾ ಸಾಲಿಯಾನ್ 10.15ಕ್ಕೆ ಎಫ್‌ಐಆರ್ ದಾಖಲಿಸಿದರು. ಡ್ರೈವರ್ ರಂಜನ್‌ನ ಹೇಳಿಕೆ ಚಿಕ್ಕದಾಗಿತ್ತು. "ಐದು ದಿವಸದಿಂದ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಲಾಲ್ ಬತ್ತಿ ಹತ್ತುತ್ತಿತ್ತು. ಸೂಪರ್‌ವೈಸರ್‌ಗೆ ಹೇಳಿದೆ. 'ಚಲ್ತಾ ಹೈ, ಚಲಾವ್, ಏನಾಗಲ್ಲ ಓಡಿಸು' ಅಂದ್ರು."

ಸೂಪರ್‌ವೈಸರ್ ಶೈಲೇಶ್ ಮಧ್ಯಾಹ್ನ ತಾನಾಗಿಯೇ ಠಾಣೆಗೆ ಬಂದ. ವಯಸ್ಸು 34, ಮಂಗಳೂರು ಕಡೆಯ ಮನೆತನ, ಹುಟ್ಟಿ ಓದಿದ್ದು ಡೊಂಬಿವಲಿಯಲ್ಲಿ. ರಮಿತಾ ಕನ್ನಡದಲ್ಲಿ ಕೇಳಿದರೆ ಅವನ ಉತ್ತರ ಮುಕ್ಕಾಲು ಹಿಂದಿಯಲ್ಲಿ ಬರುತ್ತಿತ್ತು. ಮೇಜಿನ ಮೇಲೆ ಒಂದು ಬಿಲ್ ಇಟ್ಟ.

"ಡೈನಮೋ ರಿಪೇರ್ ಕರ್‌ವಾಯಾ ಥಾ, ಮೇಡಂ. ಕಲ್ಯಾಣದ ಚೆನ್ನಯಣ್ಣ ಮಾಡಿದ್ದು. ಚಾರ್ ಫೆಬ್ರುವರಿ. ದೋ ಹಫ್ತೇ ಮೇ ಫೇಲ್, ಅಬ್ ಗಲತಿ ಕಿಸ್ಕೀ?"

ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿಗೆ ಗ್ಯಾರೇಜಿನವರು ಇವತ್ತಿಗೂ ಡೈನಮೋ ಎನ್ನುತ್ತಾರೆ. ಬಿಲ್ಲಿನ ಕೆಳಗೆ ವಯಸ್ಸಾದ ಮೆಕ್ಯಾನಿಕ್ ಚೆನ್ನಯ ಪೂಜಾರಿಯವರ ಕನ್ನಡ ಸಹಿ ಸ್ಪಷ್ಟವಾಗಿತ್ತು.

"ಮುದುಕನ್ನ ಎತ್ತಾಕ್ಕೊಂಡು ಬರೋಣೇನ್ರಿ ಮೇಡಂ?" ಎಂದು ಕೇಳಿದ ಹವಾಲ್ದಾರ ಮಾಪಣ್ಣ. ಅವನು ಆಳಂದದವನು.

"ಮೊದಲು ಮಾತಾಡಿಸೋಣ."

ಫೆಬ್ರವರಿ 19, ಬೆಳಿಗ್ಗೆ 11 ಗಂಟೆ. ಕಲ್ಯಾಣ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದ ಚೆನ್ನಯರ ರಿಪೇರಿ ಅಂಗಡಿಗೆ ರಮಿತಾ, ಮಾಪಣ್ಣ ಹೋದಾಗ ಮುಂದೆ ಒಂದೂ ಗಾಡಿ ಇರಲಿಲ್ಲ. ಚೆನ್ನಯರಿಗೆ ವಯಸ್ಸು 63. ಬಿಲ್ಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಸಹಿ ನನ್ನದೇ. ತಾರೀಕು ನನ್ನದಲ್ಲ."

"ಖಾಲಿ ಬಿಲ್ಲಿಗೆ ಸಹಿ ಹಾಕಿ ಕೊಟ್ಟಿದ್ದಿರಾ?"

"ನನಗೆ ಕನ್ನಡ ಬಿಟ್ಟು ಬೇರೆ ಬರೀಲಿಕ್ಕೆ ಬರುದಿಲ್ಲ ಮೇಡಂ. ಶೈಲೇಶ ನಮ್ಮ ಊರಿನ ಹುಡುಗ ಅಲ್ವಾ, ಉಳಿದದ್ದು ಅವನೇ ತುಂಬಿಸ್ತಾನೆ. ಒಂದು ಹತ್ತು ಬಿಲ್ಲು ಕೊಟ್ಟಿರಬಹುದು."

"ಹತ್ತು!" ಎಂದ ಮಾಪಣ್ಣ. "ಮನಿ ಕೀಲಿಕೈನೂ ಕೊಟ್ಟಿದ್ರೇನ್ರಿ ಯಜಮಾನ್ರ?"

"ಆ ಕಾರಿನ ಕೆಲಸ ಮಾಡಿದ್ದು ಯಾವತ್ತು?" ಎಂದು ರಮಿತಾ ಕೇಳಿದರು.

"ರಿಪಬ್ಲಿಕ್ ಡೇಯ ಮರುದಿನ. ಫೆಬ್ರವರಿ ಒಂದರಿಂದ ಆರರವರೆಗೆ ನಾನು ಕಾರ್ಕಳದಲ್ಲಿದ್ದೆ, ತಂಗಿ ಮಗಳ ಮದುವೆಗೆ." ರೈಲಿನ ಟಿಕೇಟು ಗೋಡೆಯ ಮೊಳೆಗೆ ಚುಚ್ಚಿಕೊಂಡೇ ಇತ್ತು.

ಬಿಲ್ಲಿನ ತಾರೀಕು ಸುಳ್ಳು ಎಂಬಷ್ಟನ್ನೇ ಟಿಕೇಟು ಹೇಳುತ್ತಿತ್ತು. ಕೆಲಸ ಸರಿಯಾಗಿತ್ತೆ ಎಂಬುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ. ಅದು ಚೆನ್ನಯರಿಗೂ ಗೊತ್ತಿತ್ತು.

"ಸುದ್ದಿ ಕೇಳಿ ಬೆಳಿಗ್ಗೆಯಿಂದ ಮೂರು ಜನ ಟ್ಯಾಕ್ಸಿಯವರು ಗಾಡಿ ವಾಪಸ್ ತಕ್ಕೊಂಡು ಹೋದರು. ನನ್ನ ಕೈಯಿಂದ ಒಬ್ಬ ಹೆಂಗಸಿನ ಕೈ ಮುರಿದದ್ದು ಹೌದಾದರೆ ನಾನೇ ಅಂಗಡಿಗೆ ಬಾಗಿಲು ಹಾಕ್ತೇನೆ. ಒಂದು ಉಪಕಾರ ಮಾಡಿ. ಆ ಡೈನಮೋ ಬಿಚ್ಚಿಸಿ ಬೆನ್ನು ನೋಡಿ. ರಿಪೇರಿ ಆದಮೇಲೆ ಮೀಟರ್ ಎಷ್ಟು ವೋಲ್ಟ್ ತೋರಿಸ್ತದೋ ಅದನ್ನು ನಾನು ಹಳದಿ ಪೇಂಟಲ್ಲಿ ಅದರ ಬೆನ್ನಿಗೇ ಬರೀತೇನೆ. ಅದೇ ನನ್ನ ಬಿಲ್ಲು."

"ಇದಕ್ಕೆ ಎಷ್ಟು ಬರೆದದ್ದು?"

ಚೆನ್ನಯ ಒಂದು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಕೊಟ್ಟರು: ೧೪.೨. ರಮಿತಾ ಅದನ್ನು ಕೇಸಿನ ಫೈಲಿಗೆ ಸೇರಿಸಿದರು.

ಫೆಬ್ರವರಿ 20, ಬೆಳಿಗ್ಗೆ 10.30. ಠಾಣೆಯ ಹಿತ್ತಿಲಲ್ಲಿ ಆರ್‌ಟಿಒ ಇನ್ಸ್‌ಪೆಕ್ಟರ್ ಸಾಕ್ಷಿಗಳಾದ ಇಬ್ಬರು ಪಂಚರ ಎದುರು ಕಾರನ್ನು ಪರೀಕ್ಷಿಸಿದರು. ಕಾರಿನ ಹಿಂಭಾಗ ಜಜ್ಜಿಹೋಗಿತ್ತು, ಮುಂಭಾಗಕ್ಕೆ ಏನೂ ಆಗಿರಲಿಲ್ಲ. "ಬ್ಯಾಟರಿ ಡೆಡ್," ಎಂದು ಬರೆಯಲು ಹೊರಟರು.

ಹಗ್ಗದ ಆಚೆ ನಿಂತಿದ್ದ ಚೆನ್ನಯ ತಡೆಯಲಾರದೆ ಹೇಳಿದರು: "ಸಾಯೇಬ್, ಬ್ಯಾಟರಿ ಸತ್ತದ್ದಲ್ಲ, ಊಟ ಸಿಗದೆ ಬಿದ್ದದ್ದು. ತುಂಬಿದ ಬ್ಯಾಟರಿ ಹಾಕಿ ನೋಡಿ."

ರಮಿತಾ ಅದನ್ನು ಮರಾಠಿಗೆ ತಿರುಗಿಸಿದರು. ಬೇರೆ ಬ್ಯಾಟರಿ ಬಂತು. ಎಂಜಿನ್ ಚಾಲೂ ಮಾಡುವ ಮೊದಲು ಮೀಟರ್ 12.6 ತೋರಿಸಿತು. ಚಾಲೂ ಮಾಡಿದ ಮೇಲೆ ಅದು 14ರ ಆಸುಪಾಸಿಗೆ ಏರಬೇಕು, 12.4ಕ್ಕೆ ಇಳಿಯಿತು. ಹೆಡ್‌ಲೈಟ್, ಎಸಿ ಹಾಕಿದಾಗ 11.6. ಬೆಲ್ಟ್ ಬಿಗಿ ಇತ್ತು, ಫ್ಯೂಸ್ ಸರಿಯಿತ್ತು, ವೈರು ಎಲ್ಲೂ ಕಡಿದಿರಲಿಲ್ಲ. ಉಳಿದದ್ದು ಡೈನಮೋ ಒಂದೇ. ಬಿಚ್ಚಿ ತೆಗೆದಾಗ ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದು ಉಗುರಿನಷ್ಟೇ ಉಳಿದಿದ್ದವು. ಬೆನ್ನಿನ ಮೇಲೆ ಮಸಿ ಬಿಟ್ಟರೆ ಏನೂ ಇರಲಿಲ್ಲ.

ಪಂಚನಾಮೆಯಲ್ಲಿ ರಮಿತಾ ಒಂದು ಸಾಲು ಬರೆಸಿದರು: 'ಹಿಂಭಾಗದಲ್ಲಿ ಯಾವುದೇ ಬಣ್ಣದ ಗುರುತು ಇಲ್ಲ.'

"ಪೇಂಟಿನ ಕತಿ ಮುದುಕ ಈಗ ಕಟ್ಟಿದ್ದಿದ್ರ?" ಎಂದ ಮಾಪಣ್ಣ.

"ಇರಬಹುದು. ನಾಲ್ಕನೇ ತಾರೀಕು ಎಲ್ಲಿಂದ ಬಂತು ಅಂತ ಕೇಳೋಣ ನಡಿ."

ಮಧ್ಯಾಹ್ನ 3.10, ಬೇಲಾಪುರದ ಕಂಪೆನಿ ಆಫೀಸು.

"ಬಿಲ್ಲಿನ ತಾರೀಕು ತುಂಬಿದ್ದು ನೀನೇ?" ಎಂದು ರಮಿತಾ ಶೈಲೇಶನನ್ನು ಕೇಳಿದರು.

"ಹಾಂ. ಅಣ್ಣನಿಗೆ ಬರಲ್ಲ, ಮೈ ಹೀ ಭರ್ತಾ ಹೂಂ."

"ಇಪ್ಪತ್ತೆರಡು ಕಾರು ನೋಡ್ಕೊಳ್ತೀಯ. ಈ ಕಾರಿನದು ನಾಲ್ಕನೇ ತಾರೀಕೇ ಅಂತ ಹೇಗೆ ನೆನಪಿತ್ತು?"

"ಡೈನಮೋ ಪೇ ಲಿಖಾ ಥಾ ನಾ…" ಶೈಲೇಶ್ ನಿಲ್ಲಿಸಿದ.

"ಬರೆದಿತ್ತಾ? ಯಾವುದರ ಮೇಲೆ?"

"ನಹೀ, ಬಿಲ್ ಪೇ. ಬಿಲ್ ಬೋಲಾ ಮೈ."

"ಖಾಲಿ ಬಿಲ್ಲಿನ ಮೇಲೆ?"

ಅವನು ನೀರು ಕುಡಿದ. ರಮಿತಾ ಮತ್ತೇನೂ ಕೇಳದೆ ಎದ್ದರು.

ಸಂಜೆ 5 ಗಂಟೆಗೆ ಠಾಣೆಯಲ್ಲಿ ಅವರು ಚೆನ್ನಯ ಬರೆದ ಚೀಟಿಯನ್ನು ಮರಾಠಿ ಶಾಲೆಯಲ್ಲಿ ಕಲಿತ ಕಾನ್‌ಸ್ಟೆಬಲ್ ಒಬ್ಬಳ ಮುಂದೆ ಹಿಡಿದರು. "ಓದು."

"ಶೂನ್ಯ ಚಾರ್, ದೋನ್. ತಾರೀಖ್ ಆಹೇ, ಮ್ಯಾಡಂ. ಚಾರ್ ಫೆಬ್ರುವಾರಿ."

ಮಾಪಣ್ಣ ಇಣುಕಿ ನೋಡಿದ. "ಏ ಇಲ್ರೀ, ಹದಿನಾಲ್ಕು ಪಾಯಿಂಟ್ ಎರಡು!" ಎಂದವನು ಅಲ್ಲೇ ಹಣೆ ಬಡಿದುಕೊಂಡ. ಕನ್ನಡದ ನಾಲ್ಕು, ಎರಡು ಮರಾಠಿಯವಕ್ಕೆ ಹತ್ತಿರ; ಕನ್ನಡದ ಒಂದು ಮಾತ್ರ ಮರಾಠಿ ಕಣ್ಣಿಗೆ ಸೊನ್ನೆ. ಶೈಲೇಶ್ ಕನ್ನಡ ಕೇಳಿ ಬೆಳೆದವನು, ಓದಿದ್ದು ಮರಾಠಿ. ವೋಲ್ಟನ್ನು ತಾರೀಕೆಂದು ಓದಿ ಬಿಲ್ಲಿಗೆ ಇಳಿಸಿದ್ದ. ಅಂದರೆ ಹಳದಿ ಅಂಕಿಯಿದ್ದ ಡೈನಮೋ ಅವನ ಕೈಗೆ ಬಂದಿತ್ತು. ಹಾಗಾದರೆ ಈಗ ಅದು ಎಲ್ಲಿದೆ?

ಶೈಲೇಶನ ಮನೆಯವರ ಹೆಸರುಗಳಲ್ಲಿ ಹುಡುಕಿದಾಗ ಆರ್‌ಟಿಒ ದಾಖಲೆಯಲ್ಲಿ ಒಂದು ಕಾರು ಸಿಕ್ಕಿತು. ಅಪಘಾತವಾದದ್ದರ ಮಾಡೆಲ್ಲೇ. ನೋಂದಣಿ ಶೈಲೇಶನ ಹೆಂಡತಿಯ ಹೆಸರಿನಲ್ಲಿ; ಓಡುತ್ತಿದ್ದುದು ಅದೇ ಕಂಪೆನಿಗೆ, ಬೇಲಾಪುರದ ಕಚೇರಿಗಳ ಬಾಡಿಗೆಗೆ.

ಫೆಬ್ರವರಿ 21, ಶುಕ್ರವಾರ ಬೆಳಿಗ್ಗೆ 8.15. ಬೇಲಾಪುರದ ಪಾರ್ಕಿಂಗಿನಲ್ಲಿ ಪಂಚರ ಸಮಕ್ಷಮ ಆ ಕಾರಿನ ಬಾನೆಟ್ ಎತ್ತಲಾಯಿತು. ಸುತ್ತ ಹತ್ತಿಪ್ಪತ್ತು ಡ್ರೈವರುಗಳು ನೆರೆದಿದ್ದರು, ಅವರಲ್ಲಿ ರಂಜನ್ ಕೂಡ. ಆರ್‌ಟಿಒ ಇನ್ಸ್‌ಪೆಕ್ಟರ್ ಮೊದಲು ಎಂಜಿನ್ ಚಾಲೂ ಮಾಡಿಸಿ ಮೀಟರ್ ಹಚ್ಚಿದರು.

"ಚೌದಾ ಪಾಯಿಂಟ್ ದೋನ್," ಎಂದು ಗಟ್ಟಿಯಾಗಿ ಓದಿದರು.

ಆಮೇಲೆ ಡೈನಮೋ ಬಿಚ್ಚಿ, ಬಟ್ಟೆಯಿಂದ ಒರೆಸಿ, ತಿರುಗಿಸಿದರು. ಬೆನ್ನ ಮೇಲೆ ಹಳದಿ ಪೇಂಟಿನಲ್ಲಿ ೧೪.೨.

ಪೊಲೀಸರು ಕರೆಸಿ ನಿಲ್ಲಿಸಿದ್ದ ಚೆನ್ನಯ ಮುಂದೆ ಬಂದರು. ಅದನ್ನು ಮುಟ್ಟಲಿಲ್ಲ, ಮುಟ್ಟಬಾರದೆಂದು ಅವರಿಗೆ ಹೇಳಲಾಗಿತ್ತು. "ನನ್ನದೇ," ಎಂದರು. ಯಾರೋ ಸೀಟಿ ಹೊಡೆದರು. "ಚೆನ್ನಯಣ್ಣ, ನಾಳೆ ನನ್ನ ಗಾಡಿ ಮೊದಲು!" ಎಂದು ರಂಜನ್ ಕೂಗಿದ. ಮಾಪಣ್ಣ ಮುದುಕರ ಬೆನ್ನು ತಟ್ಟಿ, "ಯಜಮಾನ್ರ, ಇನ್ ಮ್ಯಾಲ ಖಾಲಿ ಬಿಲ್ಲಿಗೆ ಸಹಿ ಹಾಕಿದ್ರ ನಾನೇ ಒಳಗ ಹಾಕ್ತೀನಿ," ಎಂದ. ಚೆನ್ನಯ ಮೂರು ದಿನದಲ್ಲಿ ಮೊದಲ ಸಲ ನಕ್ಕರು.

9.05ಕ್ಕೆ ಶೈಲೇಶನ ಬಂಧನವಾಯಿತು. ನೌಕರನಿಂದ ಕಳವು, ಸುಳ್ಳು ದಾಖಲೆ ಸೃಷ್ಟಿ, ಇತರರ ಜೀವಕ್ಕೆ ಅಪಾಯ ತಂದು ತೀವ್ರ ಗಾಯಕ್ಕೆ ಕಾರಣವಾದದ್ದು ಆರೋಪಗಳು. ಸುದ್ದಿ ತಿಳಿದ ಪುಂಡರೀಕಾಕ್ಷ ರಾಯರು ಮರುದಿನ ಹೋಟೆಲಿನ ವ್ಯಾನನ್ನು ಕಲ್ಯಾಣಕ್ಕೆ ಕಳಿಸಿದರು. ಅದು ಸಾಲಿನಲ್ಲಿ ಐದನೆಯದಾಗಿ ನಿಲ್ಲಬೇಕಾಯಿತು.

ಠಾಣೆಯಲ್ಲಿ ಶೈಲೇಶ್ ಎಲ್ಲವನ್ನೂ ಹೇಳಿದ. ಹನ್ನೊಂದು ವರ್ಷ ಬೇರೆಯವರ ಕಾರು ಓಡಿಸಿದ್ದ, ಕಾಯ್ದಿದ್ದ. ಕಚೇರಿಯ ಗೇಟಿನವನು ಅವನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಸ್ವಂತ ಕಾರು ತೆಗೆದ ದಿನ ಅದರ ಹಿಂದಿನ ಗಾಜಿನ ಮೇಲೆ ಮರಾಠಿಯಲ್ಲಿ 'ಮಾಲಕ' ಎಂದು ಬರೆಸಿದ್ದ. ಆ ಕಾರು ಜನವರಿಯಲ್ಲಿ ಎರಡು ಸಲ ದಾರಿಯಲ್ಲಿ ನಿಂತಿತು. ಮೂರನೇ ಸಲ ನಿಂತ ಗಾಡಿಯನ್ನು ಪಟ್ಟಿಯಿಂದ ತೆಗೆಯಬೇಕೆಂಬುದು ಕಂಪೆನಿಯ ನಿಯಮ. ಹಾಗೆ ತೆಗೆಯಬೇಕಾದವನೂ ಅವನೇ. ಫೆಬ್ರವರಿ 12ರಂದು ಅವನು ಎರಡು ಕಾರುಗಳ ಡೈನಮೋ ಅದಲುಬದಲು ಮಾಡಿದ.

ಹೇಳಿಕೆಯನ್ನು ಓದಿ ಸಹಿ ಹಾಕಿದ ಮೇಲೆ ಕೆಳಗೆ ತಾರೀಕು ಹಾಕುವಂತೆ ರಮಿತಾ ಹೇಳಿದರು. ಶೈಲೇಶ್ ತಲೆಯೆತ್ತಿ ಗೋಡೆಯ ಕ್ಯಾಲೆಂಡರನ್ನು ನೋಡಿದ. ಇನ್ನೊಮ್ಮೆ ನೋಡಿ, ನಿಧಾನವಾಗಿ ಬರೆದ: 21.2.